ಅಜ್ಜಿಯ ಜಾಗಟೆ, ಅಪ್ಪನ ಗಡಿಯಾರ

ದೀಪಾಂಜಲಿ ನಗರದ ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿ ಒಂದು ಪುಟ್ಟ ಗಣಪತಿ ಗುಡಿಯಿದೆ. ಅಲ್ಲೀಗ ಮಂಗಳಾರತಿಗೆ ಮೋಟಾರು ಬಂದಿದೆ. ಅರ್ಚಕರು ಸ್ವಿಚ್ ಒತ್ತಿದರೆ ಸಾಕು, ನಗಾರಿ, ಗಂಟೆ, ಜಾಗಟೆ ಎಲ್ಲವೂ ಒಟ್ಟಿಗೇ ಬಡಿದುಕೊಳ್ಳಲು ಶುರುವಾಗುತ್ತವೆ. ಯಾರ ಕೈಯೂ ನೋಯುವುದಿಲ್ಲ, ಯಾವ ಏಟೂ ಹಿಂದೆ ಮುಂದೆ ಆಗುವುದಿಲ್ಲ. ಸಂಜೆ ಆರೂವರೆಗೆ ನಾನು ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಾ ನಿಂತಿರುವಾಗ ಆ ಸದ್ದು ಕಿಟಕಿಯಿಂದ ಒಳಗೆ ಬರುತ್ತದೆ. ಮೆಟ್ರೋದ ಗುಡುಗನ್ನೂ ಮೈಸೂರು ರಸ್ತೆಯ ಹಾರನ್ನುಗಳನ್ನೂ ದಾಟಿ ನನ್ನ ಕಿವಿಗೆ ತಲುಪುವುದು ಮಾತ್ರ ಜಾಗಟೆ ಒಂದೇ. ಕೇಳಿದ ಕೂಡಲೇ ನನ್ನ ಎಡಗೈ ತಾನಾಗಿ ಮುಷ್ಟಿ ಕಟ್ಟುತ್ತದೆ, ಹೆಬ್ಬೆರಳು ಏನನ್ನೋ ಒತ್ತಲು ಹುಡುಕುತ್ತದೆ. ಒಮ್ಮೆ ನನ್ನ ಗಂಡ ಇದನ್ನು ಕಂಡು, "ಏನೇ, ಕೈ ಜೋಮು ಹಿಡೀತಾ?" ಎಂದು ಕೇಳಿದರು. ಹೌದು ಎಂದೆ. ಅದು ಇಪ್ಪತ್ತು ವರ್ಷಕ್ಕೂ ಹಳೆಯ ಜೋಮು ಎಂದು ಹೇಳಲಿಲ್ಲ.

ಆಗ ನಾವು ಬಸವೇಶ್ವರನಗರದಲ್ಲಿದ್ದೆವು. ಓನರ್ ಮನೆಯವರು ಮುಂದಿನ ಭಾಗದಲ್ಲಿ, ನಾವು ಹಿಂದಿನ ಪೋರ್ಷನ್ನಿನಲ್ಲಿ. ಗೇಟಿನಿಂದ ನಮ್ಮ ಬಾಗಿಲಿಗೆ ಒಂದು ಉದ್ದನೆಯ ಸಂದಿಯಲ್ಲಿ ನಡೆದು ಬರಬೇಕಿತ್ತು. ಆ ಸಂದಿಯಲ್ಲಿ ಅಪ್ಪನ ಸ್ಕೂಟರ್ ಇರುತ್ತಿತ್ತು, ಅಜ್ಜಿ ಹಳೆಯ ಎಣ್ಣೆ ಡಬ್ಬಗಳಲ್ಲಿ ಬೆಳೆಸಿದ ದೊಡ್ಡಪತ್ರೆ ಇರುತ್ತಿತ್ತು, ಮತ್ತು ಹೊತ್ತುಗೊತ್ತಿಲ್ಲದೆ ನನ್ನ ತಂಗಿ ಶೈಲಜಾ ಚೆಂಡು ಪುಟಿಸುವ ಸದ್ದು ಇರುತ್ತಿತ್ತು. ಆ ಸದ್ದು ಗೋಡೆಯಿಂದ ಗೋಡೆಗೆ ಹಾದು ನಮ್ಮ ಕೆಂಪು ನೆಲದೊಳಗೆ ಇಳಿದು, ನಾನು ಪುಸ್ತಕ ಹಿಡಿದು ಕೂತಲ್ಲಿಗೆ ಬಂದು ಮುಟ್ಟುತ್ತಿತ್ತು. ಮನೆಗೊಂದು ವಾಸನೆ ಇತ್ತು. ಅಜ್ಜಿಯ ವಿಭೂತಿ, ಅಮ್ಮನ ಒಗ್ಗರಣೆ, ಅಪ್ಪನ ಅಂಗಿಗೆ ಅಂಟಿಕೊಂಡು ಬರುತ್ತಿದ್ದ ಕಾರ್ಖಾನೆಯ ಎಣ್ಣೆ, ಮಂಚದ ಕೆಳಗಿನ ರಬ್ಬರ್ ಚೆಂಡು ಎಲ್ಲ ಸೇರಿದ ವಾಸನೆ. ಇವತ್ತು ಆಟದ ಸಾಮಾನಿನ ಅಂಗಡಿಯ ಮುಂದೆ ಹಾದು ಹೋದರೆ ಆ ರಬ್ಬರಿನ ವಾಸನೆ ಮೂಗಿಗೆ ಬಡಿಯುತ್ತದೆ, ಉಳಿದ ಮೂರು ಅದರ ಹಿಂದೆಯೇ ಬರುತ್ತವೇನೋ ಎಂದು ಒಂದು ಕ್ಷಣ ಕಾಯುತ್ತೇನೆ. ಅವು ಬರುವುದಿಲ್ಲ.

ಅಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ವಯಸ್ಸಿನಲ್ಲಿ ಅಲ್ಲಿನ ಬಾಸ್ಕೆಟ್‌ಬಾಲ್ ತಂಡಕ್ಕೆ ಆಡಿದವರು. ಮೊಣಕಾಲು ಕೈಕೊಟ್ಟ ಮೇಲೆ ಬಡಾವಣೆಯ ಮೈದಾನದಲ್ಲಿದ್ದ ಸಿಮೆಂಟ್ ಕೋರ್ಟಿನಲ್ಲಿ ಹುಡುಗಿಯರಿಗೆ ಆಟ ಹೇಳಿಕೊಡಲು ಶುರು ಮಾಡಿದರು. ಅವರ ಮೊದಲ ಶಿಷ್ಯೆ ನಾನೇ, ಈ ಮಾತು ಯಾರಿಗೂ ನೆನಪಿಲ್ಲ. ಎರಡು ವರ್ಷ ಬೆಳಗ್ಗೆ ಐದೂವರೆಗೆದ್ದು ಓಡಿದ್ದೇನೆ, ಅಂಗೈ ಒರಟಾಗುವವರೆಗೆ ಚೆಂಡು ಎಸೆದಿದ್ದೇನೆ. ಆಮೇಲೆ ಒಂದು ದಿನ, ನನಗಿಂತ ಎರಡು ವರ್ಷ ಚಿಕ್ಕವಳಾದ ಶೈಲು ಸುಮ್ಮನೆ ನನ್ನ ಜೊತೆ ಬಂದಳು. ಬಂದವಳು ಚೆಂಡು ಎತ್ತಿಕೊಂಡು ಎಸೆದಳು. ಅಪ್ಪ ಬಾಯಲ್ಲಿದ್ದ ಸೀಟಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು. ನನ್ನ ಎರಡು ವರ್ಷದಲ್ಲಿ ಅವರು ಒಮ್ಮೆಯೂ ಹಾಗೆ ಸೀಟಿ ತೆಗೆದವರಲ್ಲ. ಒಂದು ತಿಂಗಳ ನಂತರ ನನ್ನ ಹೆಗಲ ಮೇಲೆ ಕೈಯಿಟ್ಟು, "ಅನೂ, ನೀನು ಟೇಬಲ್ ಹತ್ರ ಕೂತ್ಕೊಮ್ಮ. ಟೈಮ್ ನೋಡ್ಕೊಳ್ಳೋಕೆ ಗಮನ ಇರೋರು ಬೇಕು" ಎಂದರು. ಕುತ್ತಿಗೆಗೆ ನೇತು ಹಾಕಿಕೊಳ್ಳುತ್ತಿದ್ದ ತಮ್ಮ ಸ್ಟಾಪ್‌ವಾಚನ್ನು ನನ್ನ ಕೈಗೆ ಕೊಟ್ಟರು. ಅವರು ಅದನ್ನು ಗಡಿಯಾರ ಎಂದೇ ಕರೆಯುತ್ತಿದ್ದರು.

ನನ್ನ ಹೆಸರು ಅನಸೂಯ. ಅಜ್ಜಿಯ ತಾಯಿಯ ಹೆಸರು. ಅಸೂಯೆ ಇಲ್ಲದವಳು ಎಂದು ಅರ್ಥ. ಇಡುವ ಮೊದಲು ಮನೆಯವರು ಸ್ವಲ್ಪ ಕಾದು ನೋಡಬೇಕಿತ್ತು. ಶೈಲು ಏನು ಮಾಡಿದರೂ ನನ್ನ ಹೊಟ್ಟೆಯೊಳಗೆ ಏನೋ ಒಂದು ಮಗ್ಗುಲು ಬದಲಿಸುತ್ತಿತ್ತು. ಅಡುಗೆಮನೆಯ ಅಟ್ಟದ ಮೇಲೆ ಅಜ್ಜಿ ಉಪ್ಪಿನಕಾಯಿ ಜಾಡಿ, ಹಪ್ಪಳದ ಡಬ್ಬ ಇಟ್ಟಿರುತ್ತಿದ್ದಳು. ಅವನ್ನು ಇಳಿಸಲು ಮೊದಲೆಲ್ಲ ನನ್ನನ್ನು ಕರೆಯುತ್ತಿದ್ದಳು. ನಾನು ಸ್ಟೂಲ್ ಹಾಕಿಕೊಂಡು ಹತ್ತುತ್ತಿದ್ದೆ, ಇಳಿದ ಮೇಲೆ ಅಜ್ಜಿ ಒಂದು ಹಸಿ ಹಪ್ಪಳ ಮುರಿದು ಕೈಗೆ ಕೊಡುತ್ತಿದ್ದಳು. ಹನ್ನೆರಡಕ್ಕೇ ಶೈಲು ನನ್ನನ್ನು ದಾಟಿ ಬೆಳೆದಳು. ಒಂದು ಮಧ್ಯಾಹ್ನ ಅಜ್ಜಿ ನನ್ನ ಎದುರಿಗೇ ಕೂತಿದ್ದವಳು, "ಶೈಲೂ, ಬಾರೇ ಇಲ್ಲಿ, ಆ ಡಬ್ಬ ಕೊಡು" ಎಂದು ಕೂಗಿದಳು. ಅವಳು ಬಂದು, ಸ್ಟೂಲ್ ಇಲ್ಲದೆ, ತುದಿಗಾಲಲ್ಲಿ ನಿಂತು ತೆಗೆದುಕೊಟ್ಟಳು. ಹಪ್ಪಳದಲ್ಲಿ ಅರ್ಧ ಮುರಿದು ನನಗೂ ತಂದುಕೊಟ್ಟಳು. ಅದೇ ನನಗೆ ತಡೆಯಲಾಗದ್ದು. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಜಾಗಟೆಯ ಕಥೆ ಶುರುವಾದದ್ದು ನಮ್ಮ ಮೈದಾನದ ಮೊದಲ ಟೂರ್ನಮೆಂಟಿನಲ್ಲಿ. ಸಮಯ ಮುಗಿದದ್ದನ್ನು ತಿಳಿಸಲು ಬಾಡಿಗೆಗೆ ತಂದಿದ್ದ ಹೂಟರ್ ಮೊದಲ ಪಂದ್ಯಕ್ಕೇ ಸುಟ್ಟು ಹೊಗೆ ಬಿಟ್ಟಿತು. ಸೀಟಿ ಊದಿದರೆ ರೆಫರಿಯ ಸೀಟಿಯೋ ಟೇಬಲ್ಲಿನ ಸೀಟಿಯೋ ತಿಳಿಯುವುದಿಲ್ಲ. ಅಪ್ಪ ತಲೆ ಕೆರೆದುಕೊಂಡು, "ಅನೂ, ಮನೆಗೋಡು, ಅಜ್ಜಿ ಹತ್ರ ಜಾಗಟೆ ಇಸ್ಕೊಂಡು ಬಾ" ಎಂದರು. ಊಟದ ತಟ್ಟೆಯಷ್ಟು ಅಗಲದ, ಅಂಚಿನಲ್ಲಿ ದಾರ ಪೋಣಿಸಿದ ದಪ್ಪ ಕಂಚಿನ ಜಾಗಟೆ ಅದು, ಅಜ್ಜಿಯ ತವರಿನಿಂದ ಬಂದದ್ದು. ಅಜ್ಜಿ ಅದನ್ನು ದೇವರಗೂಡಿನಿಂದ ತೆಗೆದು, ಕಣ್ಣಿಗೊತ್ತಿಕೊಂಡು, ನನ್ನ ಕೈಗೆ ಕೊಡುವ ಮೊದಲು ಹೇಳಿದಳು. "ದೇವರ ಮುಂದೆ ಬಾರಿಸೋದು ಕಣೇ ಇದು. ಚಪ್ಪಲಿ ಕಾಲಲ್ಲಿ ಮುಟ್ಬೇಡ. ದೀಪ ಹಚ್ಚೋ ಹೊತ್ತಿಗೆ ವಾಪಸ್ ತಾ. ಸುಳ್ಳು ಸುಳ್ಳಾಗಿ ಬಾರಿಸ್ಬೇಡ." ಟೇಬಲ್ಲಿನ ಪಕ್ಕದ ಕಂಬಕ್ಕೆ ಅದನ್ನು ನೇತು ಹಾಕಿ ಬಾರಿಸಿದೆ. ಅಂದಿನಿಂದ ನಮ್ಮ ಕೋರ್ಟಿನಲ್ಲಿ ಅದೇ ಪದ್ಧತಿಯಾಯಿತು. ಹೊಸ ಹೂಟರ್ ಬಂದ ಮೇಲೂ ಜನಕ್ಕೆ ಜಾಗಟೆಯೇ ಬೇಕು. ಟೇಬಲ್ಲಿನ ಹತ್ತಿರ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕೂರುವ ಟೈಮ್‌ಕೀಪರ್ ಇಡೀ ಬೆಂಗಳೂರಿನಲ್ಲಿ ನಾನೊಬ್ಬಳೇ ಇದ್ದಿರಬೇಕು. ಹೊರಗಿನ ತಂಡದ ಹುಡುಗಿಯರು ನನ್ನ ಕಾಲು ನೋಡಿ ನಗುತ್ತಿದ್ದರು. ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಒಂದೊಂದೇ ಕಾಲು ಎತ್ತಿ ಇಡುತ್ತಾ ನಾನು ಅಪ್ಪನ ಗಡಿಯಾರವನ್ನೇ ನೋಡುತ್ತಿದ್ದೆ.

ಬಾಸ್ಕೆಟ್‌ಬಾಲ್ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡಬೇಕು. ಹತ್ತು ಹತ್ತು ನಿಮಿಷದ ನಾಲ್ಕು ಭಾಗಗಳ ಆಟ. ರೆಫರಿ ಸೀಟಿ ಊದಿದಾಗಲೆಲ್ಲ ಗಡಿಯಾರ ನಿಲ್ಲಿಸಬೇಕು, ಆಟ ಶುರುವಾದಾಗ ಮತ್ತೆ ಓಡಿಸಬೇಕು. ಹತ್ತು ನಿಮಿಷ ತುಂಬಿದ ಕ್ಷಣ ಜಾಗಟೆ ಬಾರಿಸಬೇಕು. ಸದ್ದಿಗೆ ಮೊದಲು ಚೆಂಡು ಆಟಗಾರ್ತಿಯ ಕೈ ಬಿಟ್ಟಿದ್ದರೆ, ಅದು ಆಮೇಲೆ ನಿಧಾನವಾಗಿ ಬಂದು ಬುಟ್ಟಿಯ ಕಬ್ಬಿಣದ ಬಳೆಯೊಳಗೆ ಬಿದ್ದರೂ ಪಾಯಿಂಟ್ ಪಾಯಿಂಟೇ. ಚೆಂಡು ಇನ್ನೂ ಕೈಯಲ್ಲೇ ಇದ್ದರೆ, ಬಿದ್ದರೂ ಬಿದ್ದಂತಲ್ಲ. ಹಾಗಾಗಿ ಕೊನೆಯ ಕ್ಷಣದಲ್ಲಿ ಆಡುವವರು ಹತ್ತು ಮಂದಿಯಲ್ಲ, ಹನ್ನೊಂದು. ಆ ಹನ್ನೊಂದನೆಯವಳು ನಾನು. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ಕೂತು ಕೂತು ನಾನೇ ಕಂಡುಕೊಂಡದ್ದು.

ಶೈಲುವಿನ ಮೊದಲ ಕೊನೇ ಕ್ಷಣದ ಬುಟ್ಟಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅವಳಿಗೆ ಆಗ ಹನ್ನೆರಡು ತುಂಬಿ ಹದಿಮೂರು. ರಾಜಾಜಿನಗರದ ಕಡೆಯ ಒಂದು ತಂಡದ ಮೇಲೆ ಒಂದು ಪಾಯಿಂಟ್ ಹಿಂದೆ ಇದ್ದೆವು. ಮೂಲೆಯಲ್ಲಿ ಚೆಂಡು ಸಿಕ್ಕಿತು, ಎಸೆದಳು, ಅದು ಕೈ ಬಿಟ್ಟ ಮರುಗಳಿಗೆ ನಾನು ಬಾರಿಸಿದೆ. ಜಾಗಟೆಯ ಗುಣವೇನೆಂದರೆ ಅದು ಹೂಟರಿನಂತೆ ಥಟ್ಟನೆ ನಿಲ್ಲುವುದಿಲ್ಲ, ಗುಂಯ್ ಎಂದು ಉಳಿದುಕೊಳ್ಳುತ್ತದೆ. ಆ ಗುಂಯ್‌ಗುಡುವಿಕೆಯ ನಡುವೆ ಚೆಂಡು ಬಳೆಗೆ ಬಡಿದು ಮೇಲೆ ಹಾರಿತು, ಮತ್ತೆ ಬಡಿಯಿತು, ಅಂಚಿನ ಮೇಲೆ ಸುತ್ತಿತು. ಮೈದಾನದ ಸುತ್ತ ನಿಂತವರ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಸದ್ದು ಪೂರ್ತಿ ಆರುವ ಹೊತ್ತಿಗೆ ಚೆಂಡು ಒಳಗೆ ಬಿತ್ತು. 'ಗೋಡೆ ಬೀಳುತ್ತೆ, ಆ ಚೆಂಡು ನಿಲ್ಸಿ' ಎಂದು ದಿನಾ ಗೊಣಗುತ್ತಿದ್ದ ನಮ್ಮ ಓನರ್ ಆಂಟಿ ಸೆರಗು ಸಿಕ್ಕಿಸಿಕೊಂಡು ಕೋರ್ಟಿನೊಳಗೆ ಓಡಿ ಬಂದು ಅವಳನ್ನು ತಬ್ಬಿಕೊಂಡರು. ಅಪ್ಪ ಓಡಲಾಗದ ಕಾಲಲ್ಲೇ ಓಡಿದರು. ನಾನು ಎದ್ದು ನಿಂತೆ, ಚಪ್ಪಾಳೆ ತಟ್ಟಲು ಹೋದೆ, ಒಂದು ಕೈಯಲ್ಲಿ ಗಡಿಯಾರ, ಇನ್ನೊಂದರಲ್ಲಿ ಜಾಗಟೆಯ ಕೋಲು.

ಅಂಥದೇ ಇನ್ನೊಂದು ಬುಟ್ಟಿ, ಚಂದ್ರಾ ಲೇಔಟಿನ ಕೋರ್ಟಿನಲ್ಲಿ. ಅಲ್ಲಿಗೂ ಅಜ್ಜಿಯ ಜಾಗಟೆ ಹೋಗಿತ್ತು, ಜಾಗಟೆಯ ಜೊತೆಗೆ ನಾನೂ ಹೋಗಿದ್ದೆ. ಬೇರೆ ಹುಡುಗಿ ಎಸೆದ ಚೆಂಡು ಬಳೆಗೆ ತಾಗಿ ಹೊರಗೆ ಬರುತ್ತಿತ್ತು. ಎಲ್ಲರೂ ಮುಗಿಯಿತು ಎಂದುಕೊಂಡು ಕೈ ಬಿಟ್ಟರು. ಶೈಲು ಎಲ್ಲರ ಮೇಲೆ ಎದ್ದು, ಬರೀ ಬೆರಳ ತುದಿಯಿಂದ, ಅಟ್ಟದ ಮೇಲಿನ ಡಬ್ಬವನ್ನು ಒಳಗೆ ತಳ್ಳುವಂತೆ ತಳ್ಳಿದಳು. ನಾನು ಬಾರಿಸಿದಾಗ ಅದು ಬಲೆಯೊಳಗಿತ್ತು. ಮನೆಗೆ ಬರುವಾಗ ಸ್ಕೂಟರಿನಲ್ಲಿ ಅಪ್ಪನ ಹಿಂದೆ ಅವಳು, ಅವಳ ಹಿಂದೆ ಜಾಗಟೆಯನ್ನು ತೊಡೆಯ ಮೇಲಿಟ್ಟುಕೊಂಡು ಸೀಟಿನ ತುದಿಯಲ್ಲಿ ನಾನು. ಗುಂಡಿ ಸಿಕ್ಕಾಗಲೆಲ್ಲ ಜಾಗಟೆ ತಾನಾಗಿ ಸಣ್ಣಗೆ ಸದ್ದು ಮಾಡುತ್ತಿತ್ತು. ಅಪ್ಪ ದಾರಿಯುದ್ದಕ್ಕೂ ಹಿಂದಕ್ಕೆ ತಲೆ ತಿರುಗಿಸಿ ಮಾತಾಡಿದರು, ಒಂದೊಂದು ಮಾತೂ ಅವಳ ಜೊತೆಗೆ. ಇಳಿಯುವಾಗ ಮಾತ್ರ ನನ್ನನ್ನು ನೋಡಿ, "ಜಾಗಟೆ ಹುಷಾರಾಗಿದೆ ತಾನೇ?" ಎಂದರು. ಹುಷಾರಾಗಿದೆ ಎಂದೆ.

ನಾನು ಹತ್ತನೇ ತರಗತಿಯಲ್ಲಿದ್ದಾಗ ನಮ್ಮ ತಂಡ ಮೊದಲ ಬಾರಿಗೆ ಫೈನಲ್ ತಲುಪಿತು. ನಮ್ಮದೇ ಕೋರ್ಟು, ಭಾನುವಾರ ಮಧ್ಯಾಹ್ನ, ಎದುರಿಗೆ ವಿಜಯನಗರದ ಕಡೆಯ ಬಲವಾದ ತಂಡ. ಅಪ್ಪನಿಗೆ ಅದೊಂದು ಕಪ್ಪಿನ ಆಸೆ ಎಷ್ಟಿತ್ತೆಂದರೆ, ಆಟಗಾರನಾಗಿ ಒಮ್ಮೆಯೂ ಗೆಲ್ಲದವರು, ಹಾಲಿನ ಷೋಕೇಸಿನ ನಡುವಿನ ಅರೆಯಲ್ಲಿದ್ದ ಗೊಂಬೆಗಳನ್ನು ತಾವೇ ತೆಗೆದು ಬದಿಗಿಟ್ಟು ಜಾಗ ಮಾಡಿದ್ದರು. ಅಮ್ಮ ನಕ್ಕಳು. ಅಪ್ಪ ನಗಲಿಲ್ಲ. ಅದೇ ವಾರ ನನಗೆ ಜಿಲ್ಲಾ ಮಟ್ಟದ ಪ್ರಬಂಧ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂದಿತ್ತು. ದಪ್ಪ ಕಾಗದದ ಪ್ರಶಸ್ತಿಪತ್ರ, ಅದರ ಮೇಲೆ ಕಪ್ಪು ಮಸಿಯಲ್ಲಿ ದಪ್ಪಕ್ಷರದಲ್ಲಿ 'ಕುಮಾರಿ ಅನಸೂಯ'. ಶನಿವಾರ ಅಪ್ಪ ಬರುವ ಮೊದಲೇ ಅದನ್ನು ಅವರು ಕೂರುವ ಮೇಜಿನ ಮೇಲೆ, ಕಾಫಿ ಲೋಟ ಇಡುವ ಜಾಗದ ಪಕ್ಕದಲ್ಲಿ ಇಟ್ಟು, ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತೆ. ಅಪ್ಪ ಬಂದರು, ಕಾಫಿ ಕುಡಿದರು, "ಶೈಲೂ, ಬಾ ಇಲ್ಲಿ" ಎಂದು ಕರೆದರು. ಕೈಗೆ ಸಿಕ್ಕ ಕಾಗದವನ್ನು ಮಗುಚಿ ಹಾಕಿದರು. ಅದರ ಬಿಳಿಯ ಬೆನ್ನ ಮೇಲೆ ಬಾಲ್‌ಪೆನ್ನಿನಲ್ಲಿ ಕೋರ್ಟು ಬರೆದರು, ಐದು ಸೊನ್ನೆ ಸುತ್ತಿದರು, ಬಾಣಗಳನ್ನು ಎಳೆದರು. "ಕೊನೇಲಿ ಒಂದು ಪಾಯಿಂಟ್ ಹಿಂದೆ ಇದ್ವಿ ಅನ್ಕೋ. ನೀನು ಇಲ್ಲಿಂದ ಹಿಂಗೆ ಬರ್ಬೇಕು." ಬಾಗಿಲ ಹಿಂದಿನಿಂದ ಬಂದ ನನ್ನನ್ನು ನೋಡಿ, "ಏನಮ್ಮ?" ಎಂದರು. ಏನಿಲ್ಲ ಎಂದೆ. ಆಗ ಬಾಯಿ ಬಿಟ್ಟು ಹೇಳಿದ್ದರೆ ಅಪ್ಪ ಪಶ್ಚಾತ್ತಾಪಪಟ್ಟು ಕೆನ್ನೆ ಬಡಿದುಕೊಳ್ಳುತ್ತಿದ್ದರು, ಅಂಥ ಮನುಷ್ಯ. ಆದರೆ ಕೇಳಿ ಪಡೆದದ್ದು ನನಗೆ ಬೇಡವಾಗಿತ್ತು.

ಮಾರನೆಯ ದಿನ ಆಟ ಶುರುವಾಗುವ ಮೊದಲು ಎದುರು ತಂಡದ ಕೋಚ್ ಟೇಬಲ್ಲಿನ ಹತ್ತಿರ ಬಂದು, "ಅಲ್ಲಾ ಸಾರ್, ನಿಮ್ಮ ಮಗಳೇ ಟೈಮ್ ನೋಡಿದ್ರೆ ಹೆಂಗೆ ಸಾರ್?" ಎಂದು ಕೇಳಿದರು. ಅಪ್ಪ ಗಡಿಯಾರವನ್ನು ಅವರ ಮುಂದೆ ಹಿಡಿದು, "ನೀವೇ ಚೆಕ್ ಮಾಡಿ ಸಾರ್. ಈ ಗಡಿಯಾರ ಇವತ್ತಿನವರ್ಗೂ ತಪ್ಪಿಲ್ಲ" ಎಂದರು. ಗಡಿಯಾರಕ್ಕೆ ಜಾಮೀನು ನಿಂತರು, ನನ್ನ ಬಗ್ಗೆ ಒಂದು ಮಾತೂ ಬರಲಿಲ್ಲ. ನನ್ನ ಪಕ್ಕದಲ್ಲಿ ಪಾಯಿಂಟ್ ಬರೆದುಕೊಳ್ಳುತ್ತಿದ್ದವರು ಎದುರು ಮನೆಯ ಮೂರ್ತಿ ಅಂಕಲ್. ಅವರಿಗೆ ತಮ್ಮ ಹಾಳೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಆಟ ಒಬ್ಬರಿಂದೊಬ್ಬರಿಗೆ ವಾಲಾಡುತ್ತಾ ಕೊನೆಯ ಭಾಗದ ಕೊನೆಗೆ ಬಂತು. ನಲವತ್ತೆರಡು, ನಲವತ್ತೊಂದು. ನಾವು ಒಂದು ಹಿಂದೆ. ಎಂಟು ಸೆಕೆಂಡ್ ಉಳಿದಿರುವಾಗ ಅಪ್ಪ ಟೈಮ್‌ಔಟ್ ಕೇಳಿದರು. ಹುಡುಗಿಯರು ಸುತ್ತ ನೆರೆದರು. ಅಪ್ಪ ಜೇಬಿನಿಂದ ಮಡಿಚಿದ ಕಾಗದ ತೆಗೆದು ಬಿಡಿಸಿ, ಬಾಣಗಳು ಹುಡುಗಿಯರಿಗೆ ಕಾಣುವಂತೆ ಎತ್ತಿ ಹಿಡಿದರು. ಅದರ ಇನ್ನೊಂದು ಬದಿ ನನ್ನ ಕಡೆಗಿತ್ತು. ಇಳಿಬಿಸಿಲಿನಲ್ಲಿ ನನ್ನ ಹೆಸರು, ಅಡ್ಡಡ್ಡ ಮಡಿಕೆ ಬಿದ್ದು, ನನ್ನನ್ನೇ ನೋಡುತ್ತಿತ್ತು. ಅದರ ಹಿಂದೆ ಅಪ್ಪನ ಬೆರಳು ಶೈಲುವಿನ ಹಾದಿಯನ್ನು ತೋರಿಸುತ್ತಿತ್ತು.

ನನಗೆ ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ. ಬಂದಿದ್ದರೆ ಇವತ್ತು ತಪ್ಪನ್ನು ಅದರ ಮೇಲೆ ಹಾಕಿಬಿಡಬಹುದಿತ್ತು. ಆಟ ಶುರುವಾಯಿತು, ಗಡಿಯಾರ ಓಡಿಸಿದೆ. ಅಪ್ಪ ಬರೆದ ಹಾಗೆಯೇ ಎಲ್ಲ ನಡೆಯಿತು. ಬಲಗಡೆ ಶೈಲುವಿಗೆ ಚೆಂಡು ಬಂತು. ಎದುರಿಗೆ ನಿಂತ ಹುಡುಗಿಯನ್ನು ತಪ್ಪಿಸಲು ಅವಳು ಒಮ್ಮೆ ಚೆಂಡನ್ನು ನೆಲಕ್ಕೆ ಪುಟಿಸಿದಳು, ಒಂದೇ ಒಂದು ಡ್ರಿಬಲ್, ಆಮೇಲೆ ಮೇಲೆದ್ದಳು. ಅವಳು ಅಷ್ಟು ಚೆನ್ನಾಗಿ ಮೇಲೆದ್ದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಚೆಂಡು ಅವಳ ಹಣೆಯ ಮೇಲೆ, ಎರಡೂ ಕೈಗಳ ನಡುವೆ ಇತ್ತು. ಗಡಿಯಾರದಲ್ಲಿ ಒಂಬತ್ತು ನಿಮಿಷ ಐವತ್ತೆಂಟು ಸೆಕೆಂಡ್. ನಾನು ಬಾರಿಸಿದೆ. ಆ ಸದ್ದಿನೊಳಗೇ ಚೆಂಡು ಅವಳ ಕೈ ಬಿಟ್ಟಿತು, ಬಳೆಗೆ ತಾಗದೆ, ಬಲೆಯನ್ನು ಮಾತ್ರ ಅಲುಗಿಸಿ ಇಳಿಯಿತು. ಇಡೀ ಮೈದಾನ ಕಿರುಚಿತು. ನನ್ನ ಎಡಗೈ ಗಡಿಯಾರವನ್ನು ನಿಲ್ಲಿಸಲಿಲ್ಲ. ಮೇಜಿನ ಕೆಳಗೆ ಅದನ್ನು ಓಡಲು ಬಿಟ್ಟಿತು, ಹತ್ತು ನಿಮಿಷ ದಾಟಿದ ಮೇಲೆ ಒತ್ತಿತು. ಬಲಗೈ ಮಾಡಿದ್ದನ್ನು ಎಡಗೈ ಮುಚ್ಚಿತು. ಇಷ್ಟು ಬುದ್ಧಿ ನನಗೆ ಎಲ್ಲಿಂದ ಬಂತೋ.

ರೆಫರಿ ಓಡಿ ಬಂದರು. "ಟೈಮ್ ಆಗಿತ್ತೇನಮ್ಮ?" ಎಂದು ಕೇಳಿದರು. "ಆಗಿತ್ತು ಸಾರ್" ಎಂದು ಗಡಿಯಾರ ತೋರಿಸಿದೆ. ಹತ್ತು ನಿಮಿಷ, ಮೇಲೊಂದು ಚೂರು. ಅವರು ತಲೆಯಾಡಿಸಿ, ಎರಡೂ ಕೈಗಳನ್ನು ಅಡ್ಡಡ್ಡ ಬೀಸಿ, ಬುಟ್ಟಿ ಲೆಕ್ಕಕ್ಕಿಲ್ಲ ಎಂದರು. ನಮ್ಮ ಹುಡುಗಿಯರು ಅಲ್ಲಲ್ಲೇ ಕುಸಿದರು. ಅಪ್ಪ ನನ್ನ ಹತ್ತಿರ ಬಂದು, ಮೆಲ್ಲಗೆ, ಒಮ್ಮೆ ಮಾತ್ರ ಕೇಳಿದರು. "ಆಗಿತ್ತಾ ಅನೂ?" ಅವರ ಕಣ್ಣು ಅಷ್ಟು ಹತ್ತಿರದಿಂದ, ನನ್ನೊಬ್ಬಳನ್ನೇ ನೋಡಿ ಎಷ್ಟೋ ಕಾಲವಾಗಿತ್ತು. "ಆಗಿತ್ತಪ್ಪ" ಎಂದೆ. ಅವರು ಮತ್ತೆ ಕೇಳಲಿಲ್ಲ. ತಿರುಗಿ ಹೋಗಿ ಎದುರು ತಂಡದ ಕೋಚಿನ ಕೈ ಕುಲುಕಿದರು. ಆ ಕೋಚ್ ನೇರವಾಗಿ ನನ್ನ ಬಳಿಗೆ ಬಂದು, "ನಾನು ಹಂಗೆ ಮಾತಾಡಬಾರ್ದಿತ್ತು, ತಪ್ಪಾಯ್ತಮ್ಮ" ಎಂದು ನನಗೆ ಕೈಮುಗಿದರು. ನನಗೆ ಹದಿನೈದು ವರ್ಷ, ಅವರಿಗೆ ಅಪ್ಪನ ವಯಸ್ಸು. ಮೂರ್ತಿ ಅಂಕಲ್ ಸುತ್ತಲಿನವರಿಗೆಲ್ಲ, "ಸ್ವಂತ ತಂಗಿ ಅಂತಾನೂ ನೋಡ್ಲಿಲ್ಲ ನೋಡ್ರೀ ಹುಡುಗಿ" ಎಂದು ಹೇಳುತ್ತಾ ಹೋದರು. ನಾನು ಬಗ್ಗಿ ಚಪ್ಪಲಿ ಹುಡುಕುತ್ತಿದ್ದೆ.

ಮನೆಗೆ ಬಂದ ಮೇಲೆ ಅಪ್ಪ ಷೋಕೇಸಿನ ಖಾಲಿ ಅರೆಯನ್ನು ಒಂದು ಕ್ಷಣ ನೋಡಿ, ಗೊಂಬೆಗಳನ್ನು ಮತ್ತೆ ಅಲ್ಲಿಡಲು ಹೋದರು. ಅರ್ಧಕ್ಕೆ ಬಿಟ್ಟು ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. "ಕಪ್ ಹೋದ್ರೆ ಹೋಗ್ಲಿ ಬಿಡಮ್ಮ" ಎಂದು ಅಜ್ಜಿಗೆ ಹೇಳಿದರು. "ಇವತ್ತು ನಮ್ಮ ಅನು ನನ್ನ ಮರ್ಯಾದೆ ಉಳಿಸಿದ್ಲು. ಇಂಥ ಮಗಳು ಯಾರಿಗಿದ್ದಾಳೆ ಹೇಳು?" ಚೆಂಡಿನ ಧೂಳು, ಬೆವರು, ಎಣ್ಣೆ ಎಲ್ಲ ಬೆರೆತ ಆ ಕೈಯ ಭಾರ ನನ್ನ ನೆತ್ತಿಯ ಮೇಲೆ ಎಷ್ಟು ಹೊತ್ತು ಇತ್ತೋ. ನನಗೆ ಬೇಕಾದದ್ದು ಸಿಕ್ಕಿತ್ತು. ಇಷ್ಟು ವರ್ಷಗಳಲ್ಲಿ ಇದನ್ನು ಬೇರೆ ಏನೇನೋ ಹೇಳಿ ಮುಚ್ಚಲು ನೋಡಿದ್ದೇನೆ, ಆದರೆ ನಿಜ ಇಷ್ಟೇ, ಆ ಗಳಿಗೆಯಲ್ಲಿ ನನಗೆ ಹಿತವಾಯಿತು. ಅಜ್ಜಿ ದೀಪ ಹಚ್ಚಿ, "ಇವತ್ತು ನೀನೇ ಬಾರಿಸೇ" ಎಂದು ಜಾಗಟೆಯನ್ನು ನನ್ನ ಕಡೆ ಚಾಚಿದಳು. ಕೈ ನೋವು ಎಂದೆ. ಅವಳು ನನ್ನನ್ನು ಒಮ್ಮೆ ನೋಡಿ, ತಾನೇ ಬಾರಿಸಿದಳು. ಶೈಲು ಮುಸುಕು ಹಾಕಿಕೊಂಡು ಮಲಗಿದ್ದಳು. ನಾನು ಪಕ್ಕದಲ್ಲಿ ಕೂತಾಗ ಮುಸುಕಿನೊಳಗಿನಿಂದಲೇ, "ನಂದೇ ತಪ್ಪು ಅಕ್ಕ. ಅದೊಂದು ಡ್ರಿಬಲ್ ಹಾಕಬಾರ್ದಿತ್ತು" ಎಂದಳು. ನಾನು ಅವಳ ಬೆನ್ನು ಸವರಿದೆ. ಸವರಿದ ಕೈ ಯಾವುದೆಂದು ಈಗ ನೆನಪಿಲ್ಲ.

ನಮ್ಮ ಮೈದಾನದ ತಂಡ ಮತ್ತೆ ಫೈನಲ್ ಆಡಲಿಲ್ಲ. ಮರುವರ್ಷ ನೀರಿನ ಟ್ಯಾಂಕಿಗಾಗಿ ಕೋರ್ಟನ್ನು ಅಗೆದರು, ಹುಡುಗಿಯರು ಒಬ್ಬೊಬ್ಬರಾಗಿ ಚದುರಿದರು. ಅಪ್ಪನಿಗೆ ಆ ಒಂದು ಕಪ್ ಕೊನೆಗೂ ಸಿಗಲಿಲ್ಲ. ಶೈಲು ದೊಡ್ಡ ಕ್ಲಬ್ಬಿಗೆ ಹೋದಳು, ರಾಜ್ಯಕ್ಕೆ ಆಡಿದಳು, ಆಟದ ಕೋಟಾದಲ್ಲಿ ಕೆಲಸಕ್ಕೆ ಸೇರಿದಳು. ಚೆಂಡು ಕೈಗೆ ಬಂದ ಕೂಡಲೇ, ಪುಟಿಸದೆ, ಉಸಿರು ಬಿಡುವಷ್ಟರಲ್ಲಿ ಎಸೆಯುವುದು ಅವಳ ಆಟದ ಗುರುತಾಯಿತು. ಹಾಗೆ ಎಸೆದೇ ಅವಳು ಇನ್ನೂ ಮೂರು ನಾಲ್ಕು ಪಂದ್ಯಗಳನ್ನು ಕೊನೆಯ ಕ್ಷಣದಲ್ಲಿ ಗೆದ್ದಳು. ಪತ್ರಿಕೆಯ ಆಟದ ಪುಟದಲ್ಲಿ ಅವಳ ಹೆಸರು ಬಂದಾಗಲೆಲ್ಲ ಅಮ್ಮ ಕತ್ತರಿಸಿ ಇಡುತ್ತಿದ್ದಳು, ನಾನು ಕತ್ತರಿ ತಂದುಕೊಡುತ್ತಿದ್ದೆ. ನಾನು ಮಾಡಿದ್ದೂ ಕೊನೆಗೆ ಅವಳ ಜಮೆಗೇ ಹೋಯಿತಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಕಿತ್ತುಕೊಂಡವಳಿಗೇ ಉರಿ ಎಂದರೆ ನಗುತ್ತೀರಿ. ನಗಿ, ಅಸೂಯೆಗೆ ನ್ಯಾಯ ಗೊತ್ತಿದ್ದರೆ ಅದು ಅಸೂಯೆ ಯಾಕಾಗುತ್ತಿತ್ತು?

ಅಪ್ಪ ಮಾತ್ರ ಆ ಭಾನುವಾರದ ಕಥೆಯನ್ನು ಬಿಡಲಿಲ್ಲ. ಶೈಲು ಗೆದ್ದ ಪಂದ್ಯಗಳನ್ನು ಯಾರಾದರೂ ಕೇಳಿದರೆ ಹೇಳುತ್ತಿದ್ದರು, ನನ್ನ ಕಥೆಯನ್ನು ಕೇಳದಿದ್ದರೂ ಹೇಳುತ್ತಿದ್ದರು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರಿಗೆ, ಉಪ್ಪಿಟ್ಟಿನ ತಟ್ಟೆ ಕೈಗೆ ಕೊಡುವ ಮೊದಲೇ ಹೇಳಿದರು. ಮೊಮ್ಮಗಳಿಗೆ ಹೇಳಿದರು. ಕೊನೆಗೆ ಆಸ್ಪತ್ರೆಯಲ್ಲಿ ಮಲಗಿದಾಗ, ಡ್ರಿಪ್ ಬದಲಿಸಲು ಬಂದ ನರ್ಸಿಗೆ, "ಇವಳು ನನ್ನ ದೊಡ್ಡ ಮಗಳು ಸಿಸ್ಟರ್. ಒಂದ್ಸಲ ಏನಾಯ್ತು ಗೊತ್ತಾ..." ಎಂದು ಶುರು ಮಾಡಿದರು. ಉಸಿರು ಸಾಲದೆ ನಡುನಡುವೆ ನಿಲ್ಲಿಸಬೇಕಾಗುತ್ತಿತ್ತು. ಮುಗಿಯುವವರೆಗೆ ಆ ಹುಡುಗಿ ತಾಳ್ಮೆಯಿಂದ ನಿಂತು ಕೇಳಿದಳು. ಆಗಲಾದರೂ ಹೇಳಿಬಿಡೋಣ ಎಂದು ಬಾಯಿ ತನಕ ಬಂತು. ಆ ಮುಖ ನೋಡಿ ನುಂಗಿಕೊಂಡೆ. ಹೋದ ವರ್ಷ ಅಪ್ಪ ತೀರಿಕೊಂಡರು. ಅಜ್ಜಿ ಎಂದೋ ಹೋಗಿದ್ದಳು. ಓನರ್ ಮಕ್ಕಳು ಮನೆ ಒಡೆಸಿ ನಾಲ್ಕಂತಸ್ತು ಕಟ್ಟಿದ್ದಾರೆ, ಆ ಸಂದಿ ಇದ್ದ ಕಡೆ ಈಗ ಲಿಫ್ಟು ಏರಿಳಿಯುತ್ತದೆ.

ಅಮ್ಮ ನನ್ನ ಮನೆಗೆ ಬಂದ ಮೇಲೆ ಅಪ್ಪನ ಟ್ರಂಕ್ ತೆಗೆದೆವು. ಶೈಲು ಜಾಗಟೆಯನ್ನು ಕೇಳಿದಳು. ಅವಳೀಗ ಕೆಂಗೇರಿಯಲ್ಲಿ ತನ್ನ ಮನೆಯ ಹತ್ತಿರದ ಕೋರ್ಟಿನಲ್ಲಿ ಮಕ್ಕಳಿಗೆ ಆಟ ಹೇಳಿಕೊಡುತ್ತಾಳೆ. ಗಡಿಯಾರವನ್ನು ನನ್ನ ಕೈಗೆ ಹಾಕಿ, "ಇದು ನಿಂದೇ ಅಕ್ಕ" ಎಂದಳು. ತಳದಲ್ಲಿ ಒಂದು ಫೈಲಿನೊಳಗೆ ನನ್ನ ಪ್ರಶಸ್ತಿಪತ್ರವಿತ್ತು. ಅಪ್ಪ ಅದಕ್ಕೆ ಪ್ಲಾಸ್ಟಿಕ್ ಕವರ್ ಹಾಕಿ, ಮಡಿಕೆಗಳನ್ನು ನೀವಿ, ಜೋಪಾನ ಮಾಡಿದ್ದರು. ಒಂದು ಕಡೆ ನನ್ನ ಹೆಸರು, ಇನ್ನೊಂದು ಕಡೆ ಬಾಣಗಳು. ಯಾವ ಬದಿಗಾಗಿ ಇಟ್ಟುಕೊಂಡಿದ್ದರೋ, ಕೇಳಲು ಅವರಿಲ್ಲ.

ಕಳೆದ ತಿಂಗಳು ಶೈಲು ತನ್ನ ಮಕ್ಕಳ ಪಂದ್ಯಕ್ಕೆ ನನ್ನನ್ನು ಕೆಂಗೇರಿಗೆ ಕರೆದಳು. ಮೇಜಿನ ಮೇಲೆ ಅಜ್ಜಿಯ ಜಾಗಟೆ ಇತ್ತು. ಮೇಜಿನ ಹತ್ತಿರ ಹೋಗುತ್ತಲೇ ನಾನು ಚಪ್ಪಲಿ ಬಿಟ್ಟದ್ದನ್ನು ನೋಡಿ ಅವಳು ನಕ್ಕಳು. ಮಕ್ಕಳನ್ನೆಲ್ಲ ಕೂರಿಸಿ, "ಇವರು ನಮ್ಮಕ್ಕ. ಫೈನಲ್‌ನಲ್ಲಿ ನನಗೇ, ಸ್ವಂತ ತಂಗಿಗೇ, ಒಂದು ಸೆಕೆಂಡ್ ಜಾಸ್ತಿ ಕೊಡ್ಲಿಲ್ಲ" ಎಂದು ಹೇಳಿದಳು. ಮಕ್ಕಳು ಚಪ್ಪಾಳೆ ತಟ್ಟಿದರು. ಆಮೇಲೆ ಚೆಂಡು ಹಿಡಿದು, "ಕೈಗೆ ಬಂದ ತಕ್ಷಣ ಹೊಡೀಬೇಕು. ಇನ್ನೊಂದು ಡ್ರಿಬಲ್ ಅಂತ ಹೋಗ್ಬಾರ್ದು" ಎಂದು ತೋರಿಸಿದಳು. ಪಂದ್ಯ ಮುಗಿದು ಎಲ್ಲರೂ ಹೋದ ಮೇಲೆ ನಾವಿಬ್ಬರೂ ಕಟ್ಟೆಯ ಮೇಲೆ ಕೂತೆವು. ಅವಳ ಕೂದಲಲ್ಲಿ ಬಿಳಿ ಎಳೆಗಳು ಕಾಣುತ್ತಿದ್ದವು. ಚೆಂಡನ್ನು ತೊಡೆಯ ಮೇಲೆ ಉರುಳಿಸುತ್ತಾ ಅವಳು ಹೇಳಿದಳು. "ಎಷ್ಟೊಂದು ಗೆದ್ದೆ ಅಕ್ಕ, ಆದ್ರೆ ಅಪ್ಪನಿಗೆ ಬೇಕಾಗಿದ್ದು ಅದೊಂದೇ ಕಪ್. ನನ್ನ ಒಂದು ಡ್ರಿಬಲ್‌ನಿಂದ ಹೋಯ್ತು. ಈಗ್ಲೂ ಕೆಲವು ಸಲ ಕನಸಲ್ಲಿ ಬರುತ್ತೆ. ಪುಟಿಸೋ ಮುಂಚೆ ನಿಲ್ಲಿಸ್ಬೇಕು ಅನ್ಕೋತೀನಿ, ಕೈ ಕೇಳಲ್ಲ."

ನಾನು ಆಗಲೂ ಸುಮ್ಮನಿದ್ದೆ. ಯಾಕೆ ಎಂದು ಈ ಒಂದು ತಿಂಗಳು ಯೋಚಿಸಿದ್ದೇನೆ. ಅವಳಿಗೆ ರಾಜ್ಯದ ಜರ್ಸಿಯಿದೆ, ಪತ್ರಿಕೆಯ ತುಣುಕುಗಳಿವೆ, ಕೋರ್ಟು ತುಂಬ ಮಕ್ಕಳಿದ್ದಾರೆ. ಅಪ್ಪ ನನಗೆಂದು ಬಿಟ್ಟುಹೋದದ್ದು ಆ ಒಂದು ಹೊಗಳಿಕೆ, ನೆತ್ತಿಯ ಮೇಲಿನ ಆ ಒಂದು ಕೈ. ಹೇಳಿದ ದಿನ ಅದೂ ನನ್ನದಲ್ಲ. ಆದರೆ ನಾನು ಮಾಡಿದ ತಪ್ಪನ್ನು ಇಪ್ಪತ್ತು ವರ್ಷದಿಂದ ಅವಳು ಹೊತ್ತುಕೊಂಡು ಆಡಿದ್ದಾಳೆ, ಅದನ್ನೇ ಪಾಠ ಮಾಡಿ ಮಕ್ಕಳಿಗೆ ಹೇಳಿಕೊಡುತ್ತಿದ್ದಾಳೆ. ಇಷ್ಟಾದ ಮೇಲೂ, ಅವಳು ಹಾಗೆ ಹೇಳುವಾಗ ನನಗೆ ಬಂದದ್ದು ಮರುಕವಷ್ಟೇ ಅಲ್ಲ. ಅಪ್ಪನಿಗಾಗಿ ಹೀಗೆ ನೋಯಲು ಇವಳಿಗೆ ಎಷ್ಟು ಸಲೀಸು ಎಂದು ಹೊಟ್ಟೆಯೊಳಗೆ ಅದು ಇನ್ನೊಮ್ಮೆ ಮಗ್ಗುಲು ಬದಲಿಸಿತು. ಬಾಯಿಂದ ಹೇಳಲಾಗದೆ ಬರೆಯುತ್ತಿದ್ದೇನೆ. ನಾನು ಬರೆದದ್ದನ್ನು ಅವಳು ಬಿಡದೆ ಓದುತ್ತಾಳೆ, ಮೊದಲಿನಿಂದಲೂ. ಗುಡಿಯಲ್ಲಿ ಮೋಟಾರು ನಿಂತಿದೆ. ಮೇಜಿನ ಮೇಲೆ ಅಪ್ಪನ ಗಡಿಯಾರವಿದೆ, ಬ್ಯಾಟರಿ ಹೋಗಿ ಎಷ್ಟೋ ಕಾಲವಾಯಿತು.

ಶೈಲೂ, ನೀನು ಪುಟಿಸಿದ್ದು ಸರಿಯಾಗಿತ್ತು. ಟೈಮ್ ಇತ್ತು ಕಣೇ. ಇನ್ನೂ ಎರಡು ಸೆಕೆಂಡ್ ಇತ್ತು.